ವಾಡಿಯಿಂದ ಹಿಂದಕ್ಕೆ ಯಾವ ದಾರಿ? ಲಿಂಕ್ಡ್ ಲಿಸ್ಟ್‌ಗೆ ಹಿಂದಿನ ಬಟನ್ ಕೂರಿಸಿದ್ದು

ಒಂದು ಚಿಕ್ಕ ಪರದೆ, ಎರಡು ಬಟನ್. ಬಲಗಡೆಯದನ್ನು ಒತ್ತಿದರೆ ಮುಂದಿನ ರೈಲು ನಿಲ್ದಾಣದ ಹೆಸರು ಕನ್ನಡದಲ್ಲಿ ಬರಬೇಕು. ಎಡಗಡೆಯದನ್ನು ಒತ್ತಿದರೆ ಈಗಷ್ಟೇ ದಾಟಿ ಬಂದ ನಿಲ್ದಾಣ ಬರಬೇಕು. ಕೆಲಸ ಅಂದರೆ ಇಷ್ಟೇ. ಕಲಬುರಗಿಯಲ್ಲಿ ಬಿಸಿಎ ಓದುತ್ತಿರುವ ನನ್ನ ಅಣ್ಣನ ಮಗಳು ಕಾಲೇಜಿನ ಪ್ರದರ್ಶನಕ್ಕೆ ಅಂತ ಇದನ್ನು ಶುರು ಮಾಡಿದ್ದಳು. ಮುಂದಿನ ಬಟನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಿಂದಿನದನ್ನು ಕೂರಿಸಲು ನನ್ನನ್ನು ಕರೆದಳು. ನಿಲ್ದಾಣಗಳನ್ನು ಅವಳು ಲಿಂಕ್ಡ್ ಲಿಸ್ಟ್‌ನಲ್ಲಿ ಇಟ್ಟಿದ್ದಳು, ಅಂದರೆ ಪ್ರತಿಯೊಂದಕ್ಕೂ ತನ್ನ ಮುಂದಿನದು ಎಲ್ಲಿದೆ ಅಂತ ಮಾತ್ರ ಗೊತ್ತಿರುವ ಪಟ್ಟಿಯಲ್ಲಿ. ಅಂಥ ಪಟ್ಟಿಯಲ್ಲಿ ಹಿಂದಕ್ಕೆ ಹೋಗುವುದು ಹೇಗೆ ಅನ್ನುವುದಕ್ಕೆ ಪಠ್ಯಪುಸ್ತಕದಲ್ಲಿ ಸಿಗುವ ಉತ್ತರಗಳನ್ನೆಲ್ಲ ಒಂದೊಂದಾಗಿ ಇಲ್ಲಿ ಹಾಕಿ ನೋಡಿದೆವು. ಯಾವುದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನಮ್ಮ ಭಾಗದ ರೈಲು ಹಳಿಯೇ ತೋರಿಸಿಕೊಟ್ಟಿತು.

ಮೊದಲು ಸಾಮಾನು. ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು, 128 ಅಡ್ಡ 64 ಚುಕ್ಕಿಗಳ ಒಎಲ್‌ಇಡಿ ಪರದೆ ಒಂದು, ಒತ್ತುವ ಬಟನ್ ಎರಡು, ಬ್ರೆಡ್‌ಬೋರ್ಡ್, ಒಂದಿಷ್ಟು ವೈರು. ಎಲ್ಲ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲೇ ಸಿಕ್ಕಿತು. ಪರದೆಯ ಎರಡು ಸಿಗ್ನಲ್ ವೈರು ಬೋರ್ಡಿನ ಎ4 ಮತ್ತು ಎ5 ಪಿನ್‌ಗೆ. ಬಟನ್‌ಗಳು 2 ಮತ್ತು 3ನೇ ಪಿನ್‌ಗೆ, ಇನ್ನೊಂದು ಕಾಲು ಗ್ರೌಂಡ್‌ಗೆ. ಬಟನ್ ಒತ್ತದೆ ಇದ್ದಾಗ ಪಿನ್ ಅನ್ನು ಆನ್ ಸ್ಥಿತಿಯಲ್ಲಿ ಹಿಡಿದಿಡುವ ಪುಲ್ ಅಪ್ ರೆಸಿಸ್ಟರ್ ಬೋರ್ಡಿನ ಒಳಗೇ ಇರುವುದರಿಂದ ಬೇರೆ ರೆಸಿಸ್ಟರ್ ಬೇಕಾಗಲಿಲ್ಲ. ಬಟನ್ ಒಂದು ಸಲ ಒತ್ತಿದರೂ ಒಳಗಿನ ಲೋಹ ಅದುರಿ ನಾಲ್ಕೈದು ಸಲ ಒತ್ತಿದ ಹಾಗೆ ಓದುತ್ತದೆ. ಹಾಗಾಗಿ ಒಂದು ಒತ್ತು ಸಿಕ್ಕ ಮೇಲೆ 50 ಮಿಲಿಸೆಕೆಂಡ್ ಬೇರೆ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಕೋಡ್‌ನಲ್ಲೇ ಹಾಕಿದ್ದೇವೆ.

ಕನ್ನಡ ಅಕ್ಷರದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು. ಇಂಥ ಚಿಕ್ಕ ಬೋರ್ಡಿಗೆ ಸಿಗುವ ಲೈಬ್ರರಿಗಳಿಗೆ (ಬೇರೆಯವರು ಬರೆದಿಟ್ಟ ತಯಾರು ಕೋಡ್‌ಗೆ) ಇಂಗ್ಲಿಷ್ ಅಕ್ಷರವನ್ನು ಒಂದರ ಪಕ್ಕ ಒಂದು ಇಡುವುದು ಗೊತ್ತು. ಒತ್ತಕ್ಷರವನ್ನು ಕೆಳಗೆ ಕೂರಿಸುವುದು, ಗುಣಿತ ಸೇರಿಸುವುದು ಗೊತ್ತಿಲ್ಲ. ಆದ್ದರಿಂದ ಹೆಸರುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದು, 128 ಅಡ್ಡ 32 ಚುಕ್ಕಿಗಳ ಕಪ್ಪುಬಿಳುಪು ಚಿತ್ರ ಮಾಡಿ, ಚಿತ್ರವನ್ನೇ ಬೈಟ್‌ಗಳಾಗಿ ಬೋರ್ಡಿಗೆ ಕೊಟ್ಟೆವು. ಒಂದು ಹೆಸರಿಗೆ 512 ಬೈಟ್. ‘ಯಾದಗಿರಿ’, ‘ಕಲಬುರಗಿ’ ಮುದ್ದಾಗಿ ಬಂದವು. ‘ಚಿತ್ತಾಪುರ’ದ ತ ಒತ್ತು, ‘ಸೊಲ್ಲಾಪುರ’ದ ಲ ಒತ್ತು ಮೊದಲು ಬರೀ ಮುದ್ದೆ. ಅಕ್ಷರದ ಗಾತ್ರ ಸ್ವಲ್ಪ ಇಳಿಸಿ, ಸಾಲನ್ನು ಎರಡು ಚುಕ್ಕಿ ಮೇಲೆತ್ತಿ, ಒತ್ತಿನ ಹೊಟ್ಟೆಯೊಳಗೆ ತುಂಬಿಕೊಂಡಿದ್ದ ಚುಕ್ಕಿಗಳನ್ನು ಕೈಯಿಂದಲೇ ಅಳಿಸಿದ ಮೇಲೆ ದೂರದಿಂದಲೂ ಓದುವ ಹಾಗಾಯಿತು. ಈ ಕೆಲಸಕ್ಕೆ ಅಡ್ಡದಾರಿ ಹುಡುಕಬೇಡಿ. ನಮ್ಮೂರಿನ ಹೆಸರು ನಮ್ಮ ಲಿಪಿಯಲ್ಲಿ ಸರಿಯಾಗಿ ಕಾಣಬೇಕು.

ಒಟ್ಟು 24 ನಿಲ್ದಾಣ. ದಾರಿಯಲ್ಲಿರುವ ಎಷ್ಟೋ ಸಣ್ಣ ನಿಲ್ದಾಣಗಳನ್ನು ಬಿಟ್ಟಿದ್ದೇವೆ. 24 ಹೆಸರಿಗೆ 12 ಕಿಲೋಬೈಟ್. ಊನೊದ ಫ್ಲ್ಯಾಶ್ ಮೆಮೊರಿ 32 ಕಿಲೋಬೈಟ್ ಇರುವುದರಿಂದ ಅಲ್ಲಿ ತೊಂದರೆ ಇಲ್ಲ. ಇಕ್ಕಟ್ಟು ಇರುವುದು ರ್‍ಯಾಮ್‌ನಲ್ಲಿ. ಇರುವುದೇ 2 ಕಿಲೋಬೈಟ್. ಅದರಲ್ಲಿ ಈ ಪರದೆಯ ಒಂದು ಪೂರ್ತಿ ಚಿತ್ರ ಹಿಡಿದಿಡಲು 1024 ಬೈಟ್ ಹೋಗುತ್ತದೆ. ಇನ್ನೊಂದು ಮಾತು. ನಾವು ಬಳಸಿದ ಲೈಬ್ರರಿ ಈ 1024 ಬೈಟನ್ನು ಪ್ರೋಗ್ರಾಮ್ ಓಡಲು ಶುರುವಾದ ಮೇಲೆ ಕೇಳಿ ಪಡೆಯುತ್ತದೆ. ಹಾಗಾಗಿ ಕಂಪೈಲ್ ಆದಾಗ, ಅಂದರೆ ಬರೆದ ಕೋಡ್ ಬೋರ್ಡಿಗೆ ಅರ್ಥವಾಗುವ ರೂಪಕ್ಕೆ ಬಂದಾಗ, ತೋರಿಸುವ ಮೆಮೊರಿ ಲೆಕ್ಕದಲ್ಲಿ ಅದು ಇರುವುದಿಲ್ಲ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ ಅಂತ ಕಂಡರೆ ಮಾತ್ರ ನೆಮ್ಮದಿಯಾಗಿ ಇರಬಹುದು.

ಮುಂದಕ್ಕೆ ಮಾತ್ರ ಹೋಗುವ ಪಟ್ಟಿ

ಅವಳು ಬರೆದಿದ್ದ ಕ್ಲಾಸ್, ಅಂದರೆ ಒಂದು ನಿಲ್ದಾಣದಲ್ಲಿ ಏನೇನು ಇರಬೇಕು ಅನ್ನುವ ಅಚ್ಚು, ಚೊಕ್ಕವಾಗಿತ್ತು. ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

ಕ್ಲಾಸ್ ನಿಲ್ದಾಣ:
　ಹೆಸರಿನ_ಚಿತ್ರ
　ಮುಂದಿನದು

ಇನ್ನೊಂದು ವಸ್ತು ಮೆಮೊರಿಯಲ್ಲಿ ಎಲ್ಲಿದೆ ಅಂತ ಬಾಣದ ಹಾಗೆ ತೋರಿಸುವ ವಿಳಾಸವೇ ಪಾಯಿಂಟರ್. ಊನೊದಲ್ಲಿ ಒಂದು ಪಾಯಿಂಟರ್ ಅಂದರೆ 2 ಬೈಟ್. ಚಿತ್ರಕ್ಕೆ ಒಂದು, ಮುಂದಿನದಕ್ಕೆ ಒಂದು. ಒಂದು ನಿಲ್ದಾಣಕ್ಕೆ 4 ಬೈಟ್, 24ಕ್ಕೆ 96. ಇದಕ್ಕಿಂತ ಹಗುರ ಇನ್ನೇನು ಬೇಕು?

ಪಟ್ಟಿಯ ಕೊನೆ ಸೊಲ್ಲಾಪುರ. ರಾಯಚೂರಿನಿಂದ ಹೊರಟರೆ ಸೈದಾಪುರ, ಯಾದಗಿರಿ, ತಾಣಗುಂದಿ, ನಾಲವಾರ, ಆಮೇಲೆ ವಾಡಿ. ತಾಂಡೂರಿನಿಂದ ಹೊರಟರೆ ಸೇಡಂ, ಮಳಖೇಡ ರೋಡ್, ಚಿತ್ತಾಪುರ, ಅದೂ ವಾಡಿಗೇ. ಮಳಖೇಡ ಸಣ್ಣ ನಿಲ್ದಾಣ, ಆದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು ಪಟ್ಟಿಯಿಂದ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ವಾಡಿಯಿಂದ ಮುಂದೆ ಶಹಾಬಾದ್, ಮರತೂರು, ಕಲಬುರಗಿ, ಸಾವಳಗಿ, ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟ ರೋಡ್, ಹೊಟಗಿ, ಸೊಲ್ಲಾಪುರ. ಮೂರನೆಯದು 2017ರಲ್ಲಿ ಶುರುವಾದ ಬೀದರ್ ಹಳಿ. ಬೀದರ್, ಹಳ್ಳಿಖೇಡ, ಹುಮನಾಬಾದ್, ಕಮಲಾಪುರ, ತಾಜ್‌ಸುಲ್ತಾನಪುರ. ಅದು ಕಲಬುರಗಿಗೆ ಬಂದು ಸೇರುತ್ತದೆ. ಬೀದರ್ ಕಡೆಯವರು ಕಲಬುರಗಿಯಲ್ಲಿ ಇಳಿದು ಸೊಲ್ಲಾಪುರದ ಗಾಡಿ ಹಿಡಿದರು ಅಂತ ಇಟ್ಟುಕೊಳ್ಳಿ.

ಎಲ್ಲಿಂದ ಹೊರಟರೂ ವಾಡಿ ಅನ್ನುವ ಆಬ್ಜೆಕ್ಟ್ (ಆ ಅಚ್ಚಿನಿಂದ ಮಾಡಿದ ವಸ್ತು) ಒಂದೇ, ಕಲಬುರಗಿ ಅನ್ನುವ ಆಬ್ಜೆಕ್ಟ್ ಒಂದೇ. ನಾಲವಾರದ ‘ಮುಂದಿನದು’ ವಾಡಿ, ಚಿತ್ತಾಪುರದ ‘ಮುಂದಿನದು’ ಕೂಡ ವಾಡಿ. ಕೊನೆಯ ಭಾಗವನ್ನು, ಅಂದರೆ ಬಾಲವನ್ನು, ಮೂರು ಪಟ್ಟಿಗಳು ಹಂಚಿಕೊಂಡಿವೆ. ಒಂದೇ ಕಡೆ ಬಾಣ ಇರುವ ಲಿಂಕ್ಡ್ ಲಿಸ್ಟಿನ ದೊಡ್ಡ ಗುಣ ಇದು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಸಂಶೋಧಕರಾದ ನ್ಯೂವೆಲ್, ಶಾ, ಸೈಮನ್ ಲಿಂಕ್ಡ್ ಲಿಸ್ಟ್ ಕಟ್ಟಿದರು. ಆಮೇಲೆ ಬಂದ ಮೆಕಾರ್ಥಿಯವರ ಲಿಸ್ಪ್ ಭಾಷೆಯಲ್ಲಿ ಎರಡು ಪಟ್ಟಿಗಳು ಒಂದೇ ಬಾಲವನ್ನು ಹಂಚಿಕೊಳ್ಳುವುದು ದಿನಬಳಕೆಯ ಮಾತು. ಕೋಡಿನ ಹಳೆಯ ರೂಪಗಳನ್ನು ಉಳಿಸಿಡುವ ಗಿಟ್ ಬಳಸುವವರಿಗೂ ಇದು ಪರಿಚಯ. ಹಾಗೆ ಉಳಿಸಿಟ್ಟ ಒಂದು ರೂಪಕ್ಕೆ, ಅಂದರೆ ಕಮಿಟ್‌ಗೆ, ತನ್ನ ತಾಯಿ ಕಮಿಟ್ ಗೊತ್ತಿರುತ್ತದೆ, ಮಕ್ಕಳು ಯಾರು ಅಂತ ಗೊತ್ತಿರುವುದಿಲ್ಲ. ಅದಕ್ಕೇ ಎಷ್ಟು ಬ್ರಾಂಚ್ (ಕವಲು) ಬೇಕಾದರೂ ಹಳೆಯ ಇತಿಹಾಸವನ್ನು ಹಂಚಿಕೊಂಡು ನಿಲ್ಲಬಹುದು.

ಈ ಹಂಚಿಕೆ ಇರುವ ಪಟ್ಟಿಗೆ ಹಿಂದಿನ ಬಟನ್ ಹಾಕಲು ಕೂತೆವು.

ಪಟ್ಟಿಯನ್ನೇ ತಿರುಗಿಸಿದರೆ

ಪರೀಕ್ಷೆಗೆ ಜಾಸ್ತಿ ಬರುವ ಪ್ರಶ್ನೆ ಇದೇ ಅಲ್ವಾ? ಮೂರು ಪಾಯಿಂಟರ್ ಇಟ್ಟುಕೊಂಡು, ಒಂದೊಂದೇ ನೋಡ್‌ನ (ಪಟ್ಟಿಯ ಒಂದು ಅಂಶದ) ಬಾಣವನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗುವುದು. ಬೇರೆ ಮೆಮೊರಿ ಬೇಡ, ಒಂದೇ ಸುತ್ತು. ಅವಳಿಗೆ ಅದು ಬಾಯಿಪಾಠ. ರಾಯಚೂರು ಪಟ್ಟಿಯನ್ನು ತಿರುಗಿಸಿದೆವು. ಸೊಲ್ಲಾಪುರದಿಂದ ರಾಯಚೂರಿಗೆ ಸೊಗಸಾಗಿ ಬಂತು.

ಆಮೇಲೆ ತಾಂಡೂರಿನಿಂದ ಮುಂದಿನ ಬಟನ್ ಒತ್ತಿ ನೋಡಿದೆವು. ಸೇಡಂ, ಮಳಖೇಡ ರೋಡ್, ಚಿತ್ತಾಪುರ, ವಾಡಿ. ಅದರ ಮುಂದೆ ನಾಲವಾರ, ತಾಣಗುಂದಿ, ಯಾದಗಿರಿ! ವಾಡಿಯ ಬಾಣ ಈಗ ನಾಲವಾರದ ಕಡೆ ತಿರುಗಿದೆ. ತಾಂಡೂರು ಪಟ್ಟಿಯನ್ನು ನಾವು ಮುಟ್ಟಿಯೇ ಇರಲಿಲ್ಲ. ಆದರೂ ಕಲಬುರಗಿಗೆ ಹೊರಟವನು ರಾಯಚೂರಿಗೆ ಹೋಗಿಬಿಟ್ಟ. ಬೀದರ್‌ನಿಂದ ಬಂದವನೂ ಕಲಬುರಗಿ ದಾಟಿದ ಕೂಡಲೇ ಮರತೂರಿನ ಕಡೆ ತಿರುಗಿದ.

ಪಟ್ಟಿ ನಿಮ್ಮೊಬ್ಬರದೇ ಆಗಿದ್ದರೆ, ಇನ್ನು ಮುಂದೆ ಆ ದಿಕ್ಕಿನಲ್ಲೇ ಬೇಕು ಅಂತಿದ್ದರೆ ತಿರುಗಿಸುವುದು ಒಳ್ಳೆಯ ಉಪಾಯ. ಸುಮ್ನೆ ಒಂದು ಸಲ ಹಿಂದಕ್ಕೆ ನೋಡಲು ಇಡೀ ಹಳಿ ಕಿತ್ತು ಹಾಕುವುದು ಸರಿಯಲ್ಲ. ನೋಡುವ ಕೆಲಸ ಪಟ್ಟಿಯನ್ನು ಬದಲಿಸಬಾರದು.

ರಿಕರ್ಶನ್ ಬಗ್ಗೆಯೂ ಅವಳು ಕೇಳಿದಳು. ಕೊನೆಯವರೆಗೆ ತನ್ನನ್ನು ತಾನೇ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಹೆಸರು ತೋರಿಸುವುದು. ಪಟ್ಟಿ ಕೆಡುವುದಿಲ್ಲ, ಕೋಡ್ ಮೂರೇ ಸಾಲು. ಇಡೀ ಪಟ್ಟಿಯನ್ನು ಒಂದೇ ಏಟಿಗೆ ಉಲ್ಟಾ ಮುದ್ರಿಸಲು ಚೆನ್ನ. ನಮ್ಮ ಬಟನ್‌ಗೆ ಹೊಂದುವುದಿಲ್ಲ. ಏಕೆಂದರೆ ನಮಗೆ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಬೇಕು, ಮತ್ತೆ ಮುಂದೆ ಹೋಗಬೇಕು. ರಿಕರ್ಶನ್ ಒಮ್ಮೆ ವಾಪಸ್ ಹೊರಟರೆ ತುದಿಗೆ ಬಂದೇ ನಿಲ್ಲುತ್ತದೆ. ಜೊತೆಗೆ ಪ್ರತಿ ಕರೆಗೂ ವಾಪಸ್ ಬರುವ ವಿಳಾಸ, ರಿಜಿಸ್ಟರ್‌ಗಳು ಎಲ್ಲ ರ್‍ಯಾಮ್‌ನಲ್ಲಿ ಕೂರುತ್ತವೆ. 15 ನಿಲ್ದಾಣಕ್ಕೆ ನಡೆಯುತ್ತದೆ, ಉದ್ದ ಪಟ್ಟಿಗೆ ನಡೆಯುವುದಿಲ್ಲ. ಪೈಥಾನ್‌ನಲ್ಲಂತೂ ಸುಮ್ಮನೆ ಬಿಟ್ಟರೆ 1000 ಕರೆಗಳ ಆಸುಪಾಸಿನಲ್ಲಿ ಅದೇ ತಡೆದು ನಿಲ್ಲಿಸುತ್ತದೆ.

ಎರಡು ಕಡೆ ಬಾಣ

ಹಿಂದಕ್ಕೆ ಹೋಗಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಡಬ್ಲಿ ಲಿಂಕ್ಡ್ ಲಿಸ್ಟ್. ನಿಲ್ದಾಣಕ್ಕೆ ‘ಹಿಂದಿನದು’ ಅಂತ ಇನ್ನೊಂದು ಪಾಯಿಂಟರ್. 24 ನಿಲ್ದಾಣಕ್ಕೆ 48 ಬೈಟ್ ಜಾಸ್ತಿ. ಜೋಡಿಸುವ ಮೆಥಡ್‌ನಲ್ಲಿ (ಆ ಕೆಲಸ ಮಾಡುವ ಕೋಡ್ ತುಣುಕಿನಲ್ಲಿ) ಎರಡೂ ಕಡೆ ಒಟ್ಟಿಗೆ ಬರೆಯಬೇಕು.

ಜೋಡಿಸು(ಅ, ಆ):
　ಅ.ಮುಂದಿನದು = ಆ
　ಆ.ಹಿಂದಿನದು = ಅ

ಹೊರಗಿನವರು ಯಾರೂ ಈ ಎರಡನ್ನು ನೇರವಾಗಿ ಮುಟ್ಟದ ಹಾಗೆ ಪ್ರೈವೇಟ್ ಮಾಡಿದೆವು. ಇದು ಮುಖ್ಯ. ಒಂದು ಬಾಣ ಬದಲಾಗಿ ಇನ್ನೊಂದು ಹಳೆಯ ಕಡೆಗೇ ಉಳಿದರೆ, ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗುತ್ತದೆ. ಅಂಥ ದೋಷ ಹುಡುಕುವುದು ಬಹಳ ಕಷ್ಟ.

ಅವಳು ರಾಯಚೂರಿನಿಂದ ಹೊರಟಳು. ನಾಲವಾರದವರೆಗೆ ಮುಂದೆ ಹಿಂದೆ ಎಲ್ಲ ಸರಿ. ವಾಡಿಗೆ ಬಂದು ಹಿಂದಿನ ಬಟನ್ ಒತ್ತಿದಳು.

“ಕಾಕಾ, ನಾಲವಾರ ಬರ್ಬೇಕಲ್ರಿ? ಚಿತ್ತಾಪುರ ಬರ್ಲಿಕತ್ತದ ನೋಡ್ರಿ.”

“ಇನ್ನೊಮ್ಮೆ ಹಿಂದ ಒತ್ತು.”

“ಮಳಖೇಡ ರೋಡ್. ಸೇಡಂ. ತಾಂಡೂರಿಗೇ ಹೋಯ್ತು! ನಾ ರಾಯಚೂರಿಂದ ಹೊಂಟಿದ್ದೆ.”

ಕಾರಣ ಜೋಡಿಸುವ ಮೆಥಡ್‌ನಲ್ಲೇ ಇದೆ. ಮೊದಲು ನಾಲವಾರವನ್ನು ವಾಡಿಗೆ ಜೋಡಿಸಿದಾಗ ವಾಡಿಯ ‘ಹಿಂದಿನದು’ ನಾಲವಾರ ಆಯಿತು. ಆಮೇಲೆ ಚಿತ್ತಾಪುರವನ್ನು ಜೋಡಿಸಿದಾಗ ಅದರ ಮೇಲೆಯೇ ಚಿತ್ತಾಪುರ ಬಂದು ಕೂತಿತು. ಕಲಬುರಗಿಯಲ್ಲೂ ಇದೇ ಕತೆ. ಮರತೂರು ಅಳಿಸಿ ತಾಜ್‌ಸುಲ್ತಾನಪುರ ಬಂದಿತ್ತು.

ಇದನ್ನು ಹಿಡಿಯಲು ಒಂದು ಪುಟ್ಟ ಪರೀಕ್ಷೆ ಬರೆದೆವು. ಪ್ರತಿ ನಿಲ್ದಾಣವೂ ‘ನನ್ನ ಮುಂದಿನದರ ಹಿಂದಿನದು ನಾನೇನಾ?’ ಅಂತ ಕೇಳಬೇಕು. ಎರಡು ಕಡೆ ಬಾಣ ಇರುವ ಯಾವ ಪಟ್ಟಿಗಾದರೂ ಈ ಪರೀಕ್ಷೆ ಹಾಕಿ, ಸೇರಿಸಿದ ಮೇಲೆ ಒಂದು ಸಲ, ತೆಗೆದ ಮೇಲೆ ಒಂದು ಸಲ. ನಮ್ಮಲ್ಲಿ 22 ನಿಲ್ದಾಣ ಪಾಸು ಆದವು. ಕೊನೆಯ ಸೊಲ್ಲಾಪುರಕ್ಕೆ ಮುಂದಿನದೇ ಇಲ್ಲ, ಅದೂ ಈ 22ರಲ್ಲೇ ಸೇರಿದೆ. ಫೇಲ್ ಆದವು ಎರಡೇ: ನಾಲವಾರ ಮತ್ತು ಮರತೂರು. ಎರಡೂ ಕೂಡುದಾರಿಯ ಹಿಂದಿನ ನಿಲ್ದಾಣಗಳು.

ಇದರಲ್ಲಿ ಕೋಡ್‌ನ ತಪ್ಪೇನೂ ಇಲ್ಲ. ಕೋಡ್ ಹೇಳಿದಷ್ಟು ಮಾಡಿದೆ. ವಾಡಿಗೆ ನಿಜವಾಗಿಯೂ ಒಂದು ‘ಹಿಂದಿನದು’ ಇಲ್ಲ. ಒಂದು ಕಾಲದಲ್ಲಿ ಇತ್ತು. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ವಾಡಿಯ ಮೇಲೆ ಹಾದುಹೋಗುತ್ತಿದ್ದದ್ದು ಅದೊಂದೇ ಹಳಿ. 1874ರಲ್ಲಿ ಸಿಕಂದರಾಬಾದ್ ಕಡೆಯಿಂದ ನಿಜಾಮರ ರೈಲು ಬಂದು ವಾಡಿಗೆ ಸೇರಿತು. ಅವತ್ತಿನಿಂದ ‘ವಾಡಿಯ ಹಿಂದಿನ ನಿಲ್ದಾಣ ಯಾವುದು?’ ಅಂತ ಯಾರಾದರೂ ಕೇಳಿದರೆ, ‘ನೀವು ಯಾವ ಗಾಡಿಯಲ್ಲಿ ಬಂದಿರಿ?’ ಅಂತ ತಿರುಗಿ ಕೇಳಬೇಕು. ಆ ಉತ್ತರ ವಾಡಿಯ ಹತ್ತಿರ ಇಲ್ಲ. ಬಂದವರ ಹತ್ತಿರ ಇದೆ.

ಈ ಮಾತು ಹೊಳೆದ ಮೇಲೆ ಡಿಸೈನ್ ತನ್ನಷ್ಟಕ್ಕೆ ತಾನೇ ಬದಲಾಯಿತು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅಂದರೆ ಕ್ಲಾಸ್ ಬರೆಯುವುದು, ಒಂದು ಕ್ಲಾಸಿನ ಗುಣ ಇನ್ನೊಂದಕ್ಕೆ ಬರುವ ಹಾಗೆ ಇನ್‌ಹೆರಿಟೆನ್ಸ್ ಹಾಕುವುದು ಅಂತ ಪಾಠ ನಡೆಯುತ್ತದೆ. ಯಾವ ಸಂಗತಿ ಯಾವ ಆಬ್ಜೆಕ್ಟ್‌ಗೆ ಸೇರಿದ್ದು ಅನ್ನುವ ಪ್ರಶ್ನೆಯನ್ನು ಅಷ್ಟಾಗಿ ಕೇಳುವುದಿಲ್ಲ. ನನಗೆ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ‘ಮುಂದಿನದು’ ನಿಲ್ದಾಣಕ್ಕೆ ಸೇರಿದ್ದು, ಯಾರು ಬಂದರೂ ಅದು ಬದಲಾಗದು. ‘ಹಿಂದಿನದು’ ಪ್ರಯಾಣಿಕನಿಗೆ ಸೇರಿದ್ದು.

ಮೂರೂ ಹಳಿಗೆ ಬೇರೆ ಬೇರೆ ವಾಡಿ, ಬೇರೆ ಬೇರೆ ಕಲಬುರಗಿ ಮಾಡಿದರೆ ಎರಡು ಬಾಣದ ಪಟ್ಟಿಯೇ ನಡೆಯುತ್ತಿತ್ತಲ್ಲ ಅಂತ ಕೇಳಬಹುದು. ನಡೆಯುತ್ತದೆ. ಹೆಸರಿನ ಚಿತ್ರ ಒಂದೇ ಇರುವುದರಿಂದ ಮೆಮೊರಿಯೂ ಅಷ್ಟೇನೂ ಜಾಸ್ತಿ ಆಗದು. ಆದರೆ ನಾಳೆ ಸಾವಳಗಿ ಮತ್ತು ಗಾಣಗಾಪುರ ರೋಡ್ ನಡುವೆ ಇನ್ನೊಂದು ನಿಲ್ದಾಣ ಸೇರಿಸಬೇಕಾದರೆ ಮೂರು ಕಡೆ ಸೇರಿಸಬೇಕು. ರಾಯಚೂರಿನವನೂ ತಾಂಡೂರಿನವನೂ ಒಂದೇ ನಿಲ್ದಾಣದಲ್ಲಿ ಇದ್ದಾರಾ ಅಂತ ಪಾಯಿಂಟರ್ ಹೋಲಿಸಿದರೆ, ಇಬ್ಬರೂ ಕಲಬುರಗಿಯಲ್ಲೇ ನಿಂತಿದ್ದರೂ ಇಲ್ಲ ಅಂತ ಬರುತ್ತದೆ. ಅದು ನನಗೆ ಒಪ್ಪಿಗೆ ಆಗಲಿಲ್ಲ.

ಪ್ರಯಾಣಿಕ ಅನ್ನುವ ಕ್ಲಾಸ್

ನಿಲ್ದಾಣದಿಂದ ‘ಹಿಂದಿನದು’ ತೆಗೆದುಹಾಕಿದೆವು. ಮತ್ತೆ 4 ಬೈಟ್‌ನ ಹಗುರ ಕ್ಲಾಸ್. ಹೊಸದಾಗಿ ಇದು ಬಂತು.

ಕ್ಲಾಸ್ ಪ್ರಯಾಣಿಕ:
　ಈಗಿನದು
　ದಾಟಿದ್ದು[16]
　ಎಷ್ಟು = 0

　ಮುಂದೆ_ಹೋಗು():
　　ಈಗಿನದು.ಮುಂದಿನದು ಇಲ್ಲದಿದ್ದರೆ ‘ಇಲ್ಲ’ ಅನ್ನು
　　ಎಷ್ಟು 16 ಆಗಿದ್ದರೆ ‘ಇಲ್ಲ’ ಅನ್ನು
　　ದಾಟಿದ್ದು[ಎಷ್ಟು] = ಈಗಿನದು
　　ಎಷ್ಟು = ಎಷ್ಟು + 1
　　ಈಗಿನದು = ಈಗಿನದು.ಮುಂದಿನದು
　　‘ಹೌದು’ ಅನ್ನು

　ಹಿಂದೆ_ಬಾ():
　　ಎಷ್ಟು ಸೊನ್ನೆ ಆಗಿದ್ದರೆ ‘ಇಲ್ಲ’ ಅನ್ನು
　　ಎಷ್ಟು = ಎಷ್ಟು - 1
　　ಈಗಿನದು = ದಾಟಿದ್ದು[ಎಷ್ಟು]
　　‘ಹೌದು’ ಅನ್ನು

ಇದು ಸ್ಟ್ಯಾಕ್. ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸಿಟ್ಟ ಹಾಗೆ, ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ನಮ್ಮ ಅತಿ ಉದ್ದದ ದಾರಿ ರಾಯಚೂರಿನಿಂದ ಸೊಲ್ಲಾಪುರ, 15 ನಿಲ್ದಾಣ. ದಾಟಿ ಬಂದದ್ದು ಹೆಚ್ಚೆಂದರೆ 14. ಹಾಗಾಗಿ 16 ಜಾಗ ಸಾಕು, 32 ಬೈಟ್. ಎರಡನೇ ಬಾಣಕ್ಕೆ ಬೇಕಿದ್ದ 48ಕ್ಕಿಂತ ಇದೇ ಕಡಿಮೆ.

ಮುಂದೆ_ಹೋಗು() ಒಳಗಿನ ಸಾಲುಗಳ ಕ್ರಮವನ್ನು ಗಮನಿಸಿ. ಮುಂದೆ ನಿಲ್ದಾಣ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಸ್ಟ್ಯಾಕ್‌ಗೆ ಹಾಕಬೇಕು. ಮೊದಲೇ ಹಾಕಿಬಿಟ್ಟರೆ ಏನಾಗುತ್ತದೆ? ಸೊಲ್ಲಾಪುರದಲ್ಲಿ ನಿಂತು ಯಾರಾದರೂ ಮುಂದಿನ ಬಟನ್ ಮೂರು ಸಲ ಒತ್ತುತ್ತಾರೆ. ಪ್ರದರ್ಶನದಲ್ಲಿ ಮಕ್ಕಳು ಖಂಡಿತ ಒತ್ತುತ್ತಾರೆ. ಆಗ ಸ್ಟ್ಯಾಕ್‌ನಲ್ಲಿ ಮೂರು ಸೊಲ್ಲಾಪುರ ಕೂರುತ್ತವೆ. ಹಿಂದಿನ ಬಟನ್ ಒತ್ತಿದರೆ ಪರದೆ ಅಲುಗಾಡುವುದಿಲ್ಲ, ಬಟನ್ ಕೆಟ್ಟಿದೆ ಅಂತ ಎಲ್ಲರೂ ವೈರು ಅಲ್ಲಾಡಿಸಲು ಶುರು ಮಾಡುತ್ತಾರೆ. ಮೆಥಡ್ ‘ಹೌದು’ ಅಥವಾ ‘ಇಲ್ಲ’ ಅಂತ ಉತ್ತರ ಕೊಡುವುದರಿಂದ ಇನ್ನೊಂದು ಅನುಕೂಲ ಇದೆ. ‘ಹೌದು’ ಬಂದರೆ ಮಾತ್ರ ಪರದೆಯನ್ನು ಹೊಸದಾಗಿ ಬರೆಯುತ್ತೇವೆ. ಪರದೆಗೆ ಪೂರ್ತಿ ಚಿತ್ರ ಕಳಿಸಲು ಹತ್ತಾರು ಮಿಲಿಸೆಕೆಂಡ್ ಬೇಕು. ಸುಮ್ನೆ ಮತ್ತೆ ಮತ್ತೆ ಬರೆಯುತ್ತಿದ್ದರೆ ಬಟನ್ ಮಂದ ಅನಿಸುತ್ತದೆ.

ಪರೀಕ್ಷೆಗೆ ಇಬ್ಬರು ಪ್ರಯಾಣಿಕರನ್ನು ಒಟ್ಟಿಗೆ ಬಿಟ್ಟೆವು. ಒಬ್ಬ ರಾಯಚೂರಿನಿಂದ, ಇನ್ನೊಬ್ಬ ತಾಂಡೂರಿನಿಂದ. ಪರದೆಯ ಮೇಲರ್ಧ ಒಬ್ಬನಿಗೆ, ಕೆಳಗಿನರ್ಧ ಇನ್ನೊಬ್ಬನಿಗೆ. 32 ಚುಕ್ಕಿ ಎತ್ತರದ ಚಿತ್ರ ಆದ್ದರಿಂದ ಎರಡು ಹೆಸರು ಸರಿಯಾಗಿ ಹಿಡಿಯುತ್ತವೆ. ಬೇರೆ ಬೇರೆ ಸಂಖ್ಯೆಯ ಹೆಜ್ಜೆ ಹಾಕಿ ಇಬ್ಬರೂ ವಾಡಿಗೆ ಬಂದರು. ಮೇಲೆ ಕೆಳಗೆ ಎರಡೂ ಕಡೆ ‘ವಾಡಿ’. ಪಾಯಿಂಟರ್ ಹೋಲಿಸಿದರೆ ಒಂದೇ ಆಬ್ಜೆಕ್ಟ್. ಇಬ್ಬರಿಗೂ ‘ಹಿಂದೆ ಬಾ’ ಅಂದೆವು. ಮೇಲೆ ನಾಲವಾರ, ಕೆಳಗೆ ಚಿತ್ತಾಪುರ. ಅವಳು ಚಪ್ಪಾಳೆ ತಟ್ಟಿದಳು. ನನಗೂ ತಟ್ಟಬೇಕು ಅನಿಸಿತು.

ಬ್ರೌಸರ್‌ನಲ್ಲಿ ಹಿಂದೆ ಹೋಗುವ ಬಟನ್ ಕೂಡ ಹೀಗೇ. ಒಂದೇ ಪುಟಕ್ಕೆ ಎರಡು ಟ್ಯಾಬ್‌ನಿಂದ ಎರಡು ದಾರಿಯಲ್ಲಿ ಬಂದರೆ, ಹಿಂದೆ ಒತ್ತಿದಾಗ ಬೇರೆ ಬೇರೆ ಪುಟ ಬರುತ್ತದೆ. ದಾರಿಯ ನೆನಪು ಟ್ಯಾಬ್‌ನದು. ಜಾವಾ ಭಾಷೆಯಲ್ಲಿ ಪಟ್ಟಿಯ ಮೇಲೆ ಒಂದೊಂದೇ ಹೆಜ್ಜೆ ನಡೆಯುವ ಇಟರೇಟರ್ ಅನ್ನುವುದನ್ನು ಪಟ್ಟಿಯಿಂದ ಬೇರೆ ಆಬ್ಜೆಕ್ಟ್ ಆಗಿ ಇಟ್ಟಿರುವುದರ ಹಿಂದೆಯೂ ಇದೇ ಯೋಚನೆ ಇದೆ. ಎಲ್ಲಿ ನಿಂತಿದ್ದೇನೆ ಅನ್ನುವುದು ನಡೆಯುವವನ ಲೆಕ್ಕ. ಒಂದೇ ಪಟ್ಟಿಯ ಮೇಲೆ ಇಬ್ಬರು ಒಟ್ಟಿಗೆ ನಡೆಯಬಹುದು.

ಇದನ್ನೆಲ್ಲ ಓದಿ, ಕೂಡುದಾರಿಯೇ ಇಲ್ಲದ ಸೀದಾ ಪಟ್ಟಿಗೂ ಪ್ರಯಾಣಿಕನ ಕ್ಲಾಸ್ ಬರೆಯಲು ಹೋಗಬೇಡಿ. ಅಲ್ಲಿ ಎರಡು ಬಾಣದ ಪಟ್ಟಿಯೇ ಸರಿ, ಅದೂ ತಯಾರಾಗಿಯೇ ಸಿಗುತ್ತದೆ. ಜಾವಾದ ಲಿಂಕ್ಡ್‌ಲಿಸ್ಟ್ ಒಳಗೆ ಮೊದಲಿನಿಂದಲೂ ಎರಡು ಬಾಣ ಇವೆ. ಅದರ ಲಿಸ್ಟ್ ಇಟರೇಟರ್ ಅನ್ನು ಕೊನೆಯಲ್ಲಿ ನಿಲ್ಲಿಸಿ ಹಿಂದಕ್ಕೆ ನಡೆಸಬಹುದು. 2023ರ ಜಾವಾ 21ರಿಂದ ಉಲ್ಟಾ ನೋಟವನ್ನೇ ನೇರವಾಗಿ ಕೇಳಬಹುದು. ಸಿ ಪ್ಲಸ್ ಪ್ಲಸ್‌ನ ಲಿಸ್ಟ್ ಎರಡೂ ಕಡೆ ಹೋಗುತ್ತದೆ. 2011ರಲ್ಲಿ ಸೇರಿದ ಫಾರ್ವರ್ಡ್ ಲಿಸ್ಟ್ ಮುಂದಕ್ಕೆ ಮಾತ್ರ. ಕೈಯಿಂದಲೇ ಕಟ್ಟುವವರು, ಅದರಲ್ಲೂ ಶೇರ್ಡ್ ಪಾಯಿಂಟರ್ (ತಾನು ಹಿಡಿದಿರುವ ತನಕ ಆ ವಸ್ತುವಿನ ಮೆಮೊರಿ ಬಿಡದ ಪಾಯಿಂಟರ್) ಬಳಸುವವರು ಒಂದು ನೆನಪಿಡಬೇಕು. ಎರಡೂ ಬಾಣ ಶೇರ್ಡ್ ಆದರೆ ಎರಡು ನೋಡ್‌ಗಳು ಒಂದನ್ನೊಂದು ಹಿಡಿದುಕೊಂಡು ಮೆಮೊರಿ ಬಿಡುಗಡೆಯೇ ಆಗುವುದಿಲ್ಲ. ಹಿಂದಿನ ಬಾಣವನ್ನು, ತೋರಿಸುವ ಆದರೆ ಹಿಡಿದಿಡದ ವೀಕ್ ಪಾಯಿಂಟರ್ ಮಾಡಿ.

ಎರಡೇ ಬೈಟ್‌ನ ದಾರಿ

ಸ್ಟ್ಯಾಕ್ ಕೂಡ ಇಲ್ಲದೆ ಹಿಂದೆ ಬರುವ ಇನ್ನೊಂದು ಉಪಾಯ ಇದೆ. ಪ್ರಯಾಣಿಕ ತಾನು ಹೊರಟ ಊರನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಹಿಂದೆ ಅಂದಾಗ ಮತ್ತೆ ಆ ಊರಿನಿಂದ ನಡೆಯುತ್ತಾ ಬಂದು, ಯಾವುದರ ‘ಮುಂದಿನದು’ ಈಗ ನಿಂತಿರುವ ನಿಲ್ದಾಣವೋ ಅಲ್ಲಿ ನಿಲ್ಲುವುದು. ವಾಡಿಯಲ್ಲಿ ನಿಂತವನು ರಾಯಚೂರಿನಿಂದ ಹೊರಟಿದ್ದರೆ ನಾಲವಾರದಲ್ಲೇ ನಿಲ್ಲುತ್ತಾನೆ, ಕೂಡುದಾರಿ ಇದ್ದರೂ ತಪ್ಪುವುದಿಲ್ಲ. ಇದಕ್ಕೆ ಬೇಕಿರುವುದು 2 ಬೈಟ್.

ನಿಧಾನ ಅಂತ ಇದನ್ನು ಎಲ್ಲರೂ ಬದಿಗಿಡುತ್ತಾರೆ. ಸಾವಿರ ನೋಡ್‌ನ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಹೀಗೆ ನಡೆದರೆ ಐದು ಲಕ್ಷದ ಹತ್ತಿರ ಹೆಜ್ಜೆ ಆಗುತ್ತದೆ, ನಿಜ. ಆದರೆ 15 ನಿಲ್ದಾಣಕ್ಕೆ? ಪೂರ್ತಿ ಹಿಂದೆ ಬರಲು ನೂರು ಚಿಲ್ಲರೆ ಹೆಜ್ಜೆ. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಊನೊಗೆ ಅದು ಲೆಕ್ಕಕ್ಕೇ ಇಲ್ಲ, ಪರದೆಗೆ ಒಂದು ಹೆಸರು ಬರೆಯುವುದೇ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು. ಹಾಗಾದರೂ ನಾವು ಸ್ಟ್ಯಾಕ್ ಉಳಿಸಿಕೊಂಡೆವು. ಮೂರನೇ ಬಟನ್ ಹಾಕುವ ಯೋಚನೆ ಇದೆ. ರಾಯಚೂರಿನಿಂದ ವಾಡಿಗೆ ಬಂದವನು ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರದ ಕಡೆ ಹೋಗಬೇಕು. ಆಗ ವಾಡಿಗೆ ‘ಮುಂದಿನದು’ ಕೂಡ ಒಂದಕ್ಕಿಂತ ಜಾಸ್ತಿ ಆಗುತ್ತದೆ. ಹೊರಟ ಊರು ಗೊತ್ತಿದ್ದ ಮಾತ್ರಕ್ಕೆ ದಾರಿ ಗೊತ್ತಾಗುವುದಿಲ್ಲ. ಸ್ಟ್ಯಾಕ್ ಇದ್ದರೆ ಹಿಂದೆ_ಬಾ() ಒಳಗೆ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಮುಂದೆ_ಹೋಗು() ಮಾತ್ರ ‘ಯಾವ ಕಡೆ?’ ಅಂತ ಕೇಳಬೇಕು, ಗಾಡಿ ಬದಲಿಸಿದಷ್ಟೂ ದಾರಿ ಉದ್ದವಾಗುವುದರಿಂದ 16 ಜಾಗವನ್ನು ಹೆಚ್ಚಿಸಬೇಕು.

ಬಿಟ್ಟಿದ್ದ ಆ ಎರಡು ಬೈಟ್‌ನ ದಾರಿ ಬೇರೆ ಕಡೆ ಕೆಲಸಕ್ಕೆ ಬಂತು. ಪ್ರದರ್ಶನದ ಮೇಜಿಗೆ ಪ್ಲಗ್ ದೂರ ಅಂತ ಪವರ್ ಬ್ಯಾಂಕ್ ಹಾಕಿದ್ದೆವು. ಇಷ್ಟು ಕಡಿಮೆ ಕರೆಂಟ್ ಎಳೆದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಅದು ತನ್ನಷ್ಟಕ್ಕೆ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಪ್ರಯಾಣಿಕ ರಾಯಚೂರಿನಲ್ಲಿ. ನಿಲ್ದಾಣಗಳು ಕೋಡ್‌ನಲ್ಲಿ ಇರುವುದರಿಂದ ಉಳಿಯುತ್ತವೆ, ಸ್ಟ್ಯಾಕ್ ರ್‍ಯಾಮ್‌ನಲ್ಲಿ ಇರುವುದರಿಂದ ಹೋಗುತ್ತದೆ. ಗೋಡೆಯ ಚಾರ್ಜರ್ ಮತ್ತು ಉದ್ದ ವೈರು ಹಾಕಿದರೆ ಇದು ಮುಗಿಯಿತು. ಆದರೂ ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದಲೇ ಮುಂದುವರಿಯಲಿ ಅಂತ ಅವಳಿಗೆ ಆಸೆ. ಊನೊದಲ್ಲಿ ಕರೆಂಟ್ ಹೋದರೂ ಉಳಿಯುವ 1 ಕಿಲೋಬೈಟ್ ಇಇಪ್ರಾಮ್ ಇದೆ. ಅದರಲ್ಲಿ ಸ್ಟ್ಯಾಕ್‌ನ ಪಾಯಿಂಟರ್‌ಗಳನ್ನು ಹಾಗೇ ಬರೆದಿಡಬಾರದು. ಕೋಡ್ ಸ್ವಲ್ಪ ಬದಲಿಸಿ ಮತ್ತೆ ಹಾಕಿದರೆ ನಿಲ್ದಾಣಗಳ ವಿಳಾಸವೇ ಬೇರೆ ಆಗಿರುತ್ತದೆ.

ಬರೆದಿಟ್ಟದ್ದು ಎರಡೇ ಬೈಟ್. ಹೊರಟ ಊರಿನ ನಂಬರ್ ಒಂದು, ಹಾಕಿದ ಹೆಜ್ಜೆಗಳ ಎಣಿಕೆ ಒಂದು. ಆನ್ ಆದ ಕೂಡಲೇ ಆ ಊರಿನಲ್ಲಿ ಪ್ರಯಾಣಿಕನನ್ನು ನಿಲ್ಲಿಸಿ, ಅಷ್ಟು ಸಲ ಮುಂದೆ_ಹೋಗು() ಕರೆಯುತ್ತೇವೆ. ಸ್ಟ್ಯಾಕ್ ತಾನಾಗಿಯೇ ತುಂಬಿಕೊಳ್ಳುತ್ತದೆ, ಬಟನ್‌ಗೆ ಕೈ ಹಾಕುವ ಮೊದಲೇ. ಇಇಪ್ರಾಮ್‌ನ ಒಂದೊಂದು ಜಾಗವನ್ನು ಒಂದು ಲಕ್ಷ ಸಲ ಬರೆಯಬಹುದು ಅಂತ ತಯಾರಕರ ದಾಖಲೆ ಹೇಳುತ್ತದೆ, ಪ್ರದರ್ಶನಕ್ಕೆ ಧಾರಾಳ. ಮೂರನೇ ಬಟನ್ ಬಂದ ಮೇಲೆ ಎಣಿಕೆಯ ಜೊತೆಗೆ ವಾಡಿಯಲ್ಲಿ, ಕಲಬುರಗಿಯಲ್ಲಿ ಯಾವ ಕಡೆ ತಿರುಗಿದ ಅನ್ನುವುದನ್ನೂ ಬರೆದಿಡಬೇಕಾಗುತ್ತದೆ. ಅದನ್ನು ಅವಳೇ ಬರೆಯುತ್ತಿದ್ದಾಳೆ.